ಟ್ರಾಲಿಯ ಹಿಂದಿನ ದೀಪ

ಕಬ್ಬಿನ ಕಟಾವಿನ ಕಾಲ ಬಂದಿತೆಂದರೆ ನಮ್ಮ ಅತನೂರಿನ ಕಡೆಯ ರಸ್ತೆಗಳಿಗೆ ರಾತ್ರಿಯೆಂಬುದಿಲ್ಲ. ಒಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರಾಲಿಗಳು ಹವಳಗಾದ ಸಕ್ಕರೆ ಕಾರ್ಖಾನೆಯ ದಿಕ್ಕಿಗೆ ಸಾಗುತ್ತಿರುತ್ತವೆ. ಮುಂದಿನಿಂದ ನೋಡಿದರೆ ದೀಪವುಂಟು, ಹಾಡುಂಟು. ಹಿಂದಿನಿಂದ ನೋಡಿದರೆ ಅನೇಕ ಸಲ ಬರಿಯ ಕತ್ತಲೆ. ಮೋಟರ್ ಸೈಕಲ್ಲಿನ ಮೇಲೆ ಊರಿಗೆ ಮರಳುವ ಗೃಹಸ್ಥನಿಗೆ ಆ ಕತ್ತಲೆಯೇ ಒಂದು ಗೋಡೆಯೆಂಬುದು ತಿಳಿಯುವಷ್ಟರಲ್ಲಿ ಅವನ ಸಂಸಾರದ ಗತಿಯೇ ಬೇರೆಯಾಗಿರುತ್ತದೆ. ಆದುದರಿಂದ ಈ ತಿಂಗಳು ಟ್ರಾಲಿಯ ದೀಪವನ್ನೇ ವಿಷಯವಾಗಿ ಎತ್ತಿಕೊಂಡಿದ್ದೇವೆ.

ದೀಪ ಹತ್ತದಿದ್ದರೆ ನಮ್ಮವರು ಮಾಡುವ ಮೊದಲ ಕೆಲಸ ಬಲ್ಬನ್ನು ಬದಲಿಸುವುದು. ಎರಡನೆಯದು ಟ್ರಾಲಿಯನ್ನು ಒದೆಯುವುದು. ಒದ್ದಾಗ ದೀಪ ಹತ್ತಿದರೆ ಅದನ್ನು ಕಾಕತಾಳೀಯವೆಂದು ಬಿಡಬಾರದು. ಎಲ್ಲಿಯೋ ಜೋಡಣೆ ಸಡಿಲವಾಗಿದೆಯೆಂಬುದಕ್ಕೆ ಅದೇ ಸಾಕ್ಷಿ. ಕಾರಣವನ್ನು ನಿಶ್ಚಯಿಸುವುದಕ್ಕೆ ನಮ್ಮ ತಾರ್ಕಿಕರು ಅನ್ವಯ, ವ್ಯತಿರೇಕ ಎಂದು ಎರಡು ಮಾರ್ಗಗಳನ್ನು ಹೇಳಿದ್ದಾರೆ. ಅದಿದ್ದರೆ ಇದುಂಟು, ಅದಿಲ್ಲದಿದ್ದರೆ ಇದಿಲ್ಲ ಎಂಬುದೇ ಅದರ ಸಾರ. ದೀಪಗಳು ಸರಿಯಾಗಿರುವ ನೆರೆಯವರ ಟ್ರ್ಯಾಕ್ಟರಿಗೆ ನಿಮ್ಮ ಟ್ರಾಲಿಯನ್ನು ಕಟ್ಟಿ ನೋಡಿರಿ. ದೀಪ ಹತ್ತಿದರೆ ದೋಷವು ನಿಮ್ಮ ಟ್ರ್ಯಾಕ್ಟರಿನಲ್ಲಿ, ಹತ್ತದಿದ್ದರೆ ಟ್ರಾಲಿಯಲ್ಲಿ. ಎಲೆಯಡಿಕೆ ಹಾಕಿಕೊಳ್ಳುವಷ್ಟರಲ್ಲಿ ಅರ್ಧ ಶೋಧನೆ ಮುಗಿಯಿತು.

ಟ್ರಾಲಿಯಲ್ಲಿಯೇ ದೋಷವಿದ್ದರೆ, ಬಹುಮಟ್ಟಿಗೆ ಅದು ಹೋಗುವ ತಂತಿಯಲ್ಲಿರದೆ ಮರಳುವ ದಾರಿಯಲ್ಲಿರುತ್ತದೆ. ವಿದ್ಯುತ್ಪ್ರವಾಹವು ಬ್ಯಾಟರಿಯಿಂದ ಹೊರಟು, ದೀಪವನ್ನು ಬೆಳಗಿಸಿ, ಪುನಃ ಬ್ಯಾಟರಿಗೇ ಬಂದು ಸೇರತಕ್ಕದ್ದು. ಈ ಮರಳುವ ದಾರಿಗೆ ಮೇಸ್ತ್ರಿಗಳು ಅರ್ಥ್ ಎನ್ನುತ್ತಾರೆ. ಸಂಸ್ಕೃತದ ಅರ್ಥಕ್ಕೂ ಇದಕ್ಕೂ ನಂಟಿಲ್ಲ. ಆದರೂ ಇದಿಲ್ಲದೆ ವಾಕ್ಯ ಪೂರ್ಣವಾಗದೆಂಬುದು ಎರಡಕ್ಕೂ ಸಮಾನ. ವಾಹನಗಳಲ್ಲಿ ಕಬ್ಬಿಣದ ಚೌಕಟ್ಟೇ ಈ ದಾರಿ. ಟ್ರಾಲಿಗೆ ಬೇರೆ ಅರ್ಥ್ ತಂತಿಯನ್ನು ಕೊಡದಿದ್ದರೆ ಪ್ರವಾಹವು ಕೊಂಡಿಯ ಪಿನ್ನಿನ ಮೂಲಕವೇ ಮರಳಬೇಕು. ಆ ಪಿನ್ನಿಗೋ ತುಕ್ಕು, ಗ್ರೀಸು, ನಮ್ಮ ಕರಿನೆಲದ ಕೆಸರು. ತಿರುವಿನಲ್ಲಿ ಅಲುಗಾಟ ಬೇರೆ.

ಇದರ ಲಕ್ಷಣ ವಿಚಿತ್ರವಾದುದು. ಎಡಕ್ಕೆ ತಿರುಗುವ ದೀಪವನ್ನು ಹಾಕಿದರೆ ಕೆಂಪು ದೀಪವೂ ಮಿಣುಕುತ್ತದೆ. ಬ್ರೇಕು ತುಳಿದರೆ ಉಳಿದವು ಮಂಕಾಗುತ್ತವೆ. ತನ್ನ ದಾರಿ ಕಟ್ಟಿದ ಪ್ರವಾಹವು ನೆರೆಯ ದೀಪದೊಳಗಿಂದ ನುಸುಳುವುದೇ ಇದಕ್ಕೆ ಕಾರಣ. ಉದ್ದನೆಯ ತಂತಿಯ ಒಂದು ತುದಿಯನ್ನು ಬ್ಯಾಟರಿಯ ಋಣಾಗ್ರಕ್ಕೆ ಕಟ್ಟಿ, ಇನ್ನೊಂದನ್ನು ದೀಪದ ಕಬ್ಬಿಣದ ಕೋಶಕ್ಕೆ ಒತ್ತಿರಿ. ಕೂಡಲೆ ದೀಪವು ಪ್ರಜ್ವಲಿಸಿದರೆ ರೋಗ ನಿರ್ಣಯವಾಯಿತು. ಪ್ಲಗ್ಗಿನ ಮೂಲಕವೇ ಪ್ರತ್ಯೇಕ ತಂತಿಯನ್ನು ಎಳೆಯಿಸಿ, ಟ್ರಾಲಿಯ ಕಡೆ ಬಣ್ಣವನ್ನು ಕೆರೆದು ಬರಿಯ ಲೋಹಕ್ಕೆ ಬಿಗಿಯಿಸಿರಿ.

ಮೀಟರನ್ನು ನಂಬುವವರಿಗೆ ಒಂದು ಮಾತು. 21 ವ್ಯಾಟಿನ ಎರಡು ಬ್ರೇಕು ದೀಪಗಳು 12 ವೋಲ್ಟಿನಲ್ಲಿ 3½ ಆಂಪಿಯರ್ ಸೆಳೆಯುತ್ತವೆ. ಜಂಗು ಹಿಡಿದ ಜೋಡಣೆಯಲ್ಲಿ ಅರ್ಧ ಓಮ್ ಅಡ್ಡಿಯಿದ್ದರೂ ಸುಮಾರು 1½ ವೋಲ್ಟು ಅಲ್ಲಿಯೇ ವ್ಯಯವಾಗುತ್ತದೆ. ಆದರೆ ಬಲ್ಬನ್ನು ಕಳಚಿ ಅಳೆದರೆ ಮೀಟರು ಪೂರ್ತಿ 12ನ್ನೇ ತೋರಿಸುವುದು. ಪ್ರವಾಹವಿಲ್ಲದಲ್ಲಿ ನಷ್ಟವೂ ಇಲ್ಲವಷ್ಟೆ. ದೀಪ ಉರಿಯುತ್ತಿರುವಾಗಲೇ ಅಳೆಯತಕ್ಕದ್ದು.

ಅಮೇರಿಕದಲ್ಲಿ ಕಾರಿನ ಹಿಂದೆ ಮನೆಗಾಡಿಯನ್ನು ಕಟ್ಟಿಕೊಂಡು ಪ್ರವಾಸ ಹೋಗುವವರಿಗೆ ಇದೇ ದೋಷವು ಇನ್ನೂ ಘೋರ. ಅಲ್ಲಿಯ ಅನೇಕ ಗಾಡಿಗಳ ಬ್ರೇಕೇ ವಿದ್ಯುತ್ತಿನದು. ಇಂಗ್ಲೆಂಡಿನ ಸ್ಟರ್ಜನ್ 1825ರಲ್ಲಿ ತೋರಿಸಿದ ವಿದ್ಯುದಯಸ್ಕಾಂತವೇ ಅದರ ಮೂಲ. ಪ್ರವಾಹ ಬಂದಾಗ ಅಯಸ್ಕಾಂತವು ತಿರುಗುವ ಡ್ರಮ್ಮಿಗೆ ಅಂಟಿ, ಅದರೊಡನೆ ಸೆಳೆಯಲ್ಪಟ್ಟು, ಸನ್ನೆಯನ್ನು ಎಳೆದು ಬ್ರೇಕಿನ ಲಾಳಗಳನ್ನು ಅಗಲಿಸುತ್ತದೆ. ನಾಲ್ಕು ಚಕ್ರಗಳಿಗೆ ಸುಮಾರು 12 ಆಂಪಿಯರ್ ಬೇಕು. ಅಷ್ಟು ಪ್ರವಾಹಕ್ಕೆ ಅದೇ ಅರ್ಧ ಓಮ್ ಅಡ್ಡ ಬಂದರೆ ಶಕ್ತಿಯು ಬಹಳವಾಗಿ ಕುಗ್ಗಿ, ಬ್ರೇಕಿನ ಹಿಡಿತ ಸಡಿಲವಾಗುತ್ತದೆ. ಕೊಂಡಿ ಕಳಚಿದರೆ ತಾನಾಗಿ ಬ್ರೇಕು ಹಾಕುವ ಒಂದು ಸ್ವಿಚ್ಚೂ ಅಲ್ಲಿ ಉಂಟು. ಗಾಡಿಯ ಸ್ವಂತ ಬ್ಯಾಟರಿ ಸತ್ತಿದ್ದರೆ ಅದೂ ನಿಷ್ಪ್ರಯೋಜಕ.

ನಮ್ಮ ಕಬ್ಬಿನ ಟ್ರಾಲಿಗಳಿಗೆ ಇಂಥ ಬ್ರೇಕು ಇಲ್ಲ. ಭಾರವೆಲ್ಲ ಟ್ರ್ಯಾಕ್ಟರಿನ ಬ್ರೇಕಿನ ಮೇಲೆ ಬೀಳುವಲ್ಲಿ, ಎಡಬಲದ ಎರಡು ಪೆಡಲುಗಳನ್ನು ರಸ್ತೆಗಿಳಿಯುವ ಮುನ್ನ ಜೋಡಿಸಿ ಕೀಲು ಹಾಕಲೇಬೇಕು. ಒಂದೇ ಪೆಡಲು ತುಳಿದರೆ ಟ್ರ್ಯಾಕ್ಟರು ಒಂದು ಬದಿಗೆ ಹೊರಳುವುದು, ಹಿಂದಿನ ಭಾರ ಅದನ್ನು ನೂಕುವುದು.

ಫ್ಯೂಸು ಸುಟ್ಟಲ್ಲಿ ತಾಮ್ರದ ತಂತಿಯನ್ನೋ ಸಿಗರೇಟಿನ ಪೊಟ್ಟಣದ ಹಾಳೆಯನ್ನೋ ಸುತ್ತುವ ಜಾಣ್ಮೆ ಮಾತ್ರ ಬೇಡ. ಮೇಲೆ ಒಣಗಿದ ರವದಿ, ಕೆಳಗೆ ಕಾಯ್ದ ತಂತಿ! ಹೇರಿದ ಮೇಲೆ ಹಿಂದಕ್ಕೆ ಜೋಲುವ ಸೋಗೆಯನ್ನು ಕುಡುಗೋಲಿನಿಂದ ಸವರಿ ದೀಪಗಳನ್ನು ಬಿಡಿಸಿರಿ. ಕೆಂಪು ಹೊಳಪಿನ ಪಟ್ಟಿಗಳನ್ನು ಅಂಟಿಸಿದ್ದರೆ ಅವುಗಳ ಮೇಲಿನ ಧೂಳನ್ನೂ ಒರೆಸಿರಿ. ಆಮೇಲೆ ಒಬ್ಬರು ಬ್ರೇಕು ತುಳಿಯಲಿ, ಇನ್ನೊಬ್ಬರು ಹಿಂದೆ ನಿಂತು ನೋಡಲಿ.