ದುಬೈಯ ಬೇಸಗೆ ವಿಹಾರ

ವಿಹಾರವೆಂದರೆ ಬಯಲಿಗೆ ಹೋಗುವುದೆಂಬುದು ನಮ್ಮ ರೂಢಿಯ ಎಣಿಕೆ. ದುಬೈಯಲ್ಲಿ ನೆಲಸಿರುವ ನಮಗೆ ಬೇಸಗೆಯ ವಿಹಾರವೆಂದರೆ ಒಂದು ಸೂರಿನಡಿಯಿಂದ ಇನ್ನೊಂದು ಸೂರಿನಡಿಗೆ ಹೋಗುವುದು. ಜುಲೈಯಲ್ಲಿ ಹಗಲಿನ ಉಷ್ಣ 40 ಡಿಗ್ರಿ ದಾಟುವುದು ಸಾಮಾನ್ಯ. ಐದು ದಿನ ಕಚೇರಿಯಲ್ಲಿ ಕಳೆದ ನನ್ನಂಥವರು ಶನಿವಾರ ಮಾಲ್‌ಗಳಲ್ಲಿ ಅಲೆಯುತ್ತೇವೆ. 2005ರಲ್ಲಿ ತೆರೆದ ಸ್ಕೀ ದುಬೈಯಲ್ಲಿ ಹಿಮವನ್ನೂ ಕಾಣುತ್ತೇವೆ. 2023ರಿಂದ ಕೆಲವು ಕಡಲತೀರಗಳಲ್ಲಿ ದೀಪದ ಬೆಳಕಿನಲ್ಲಿ ರಾತ್ರಿ ಈಜುವ ಏರ್ಪಾಡೂ ಉಂಟು.

ಈ ಸುಖಗಳನ್ನು ಕಟ್ಟಿಕೊಟ್ಟವರ ವಾರವೇ ಬೇರೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ, ಬಯಲಿನ ಬಿಸಿಲಿನಲ್ಲಿ ದುಡಿಸುವುದನ್ನು ಸರ್ಕಾರ ನಿಷೇಧಿಸಿದೆ. ಇದು ಶ್ಲಾಘ್ಯವೇ ಸರಿ. ಆದರೆ ಬಿಸಿಲು ಗಡಿಯಾರ ನೋಡಿ ಇಳಿಯುವುದಿಲ್ಲ. 2022ರ ಜನವರಿಯಲ್ಲಿ ಸರ್ಕಾರಿ ಕಚೇರಿಗಳ ವಾರದ ರಜೆ ಶನಿವಾರ, ಭಾನುವಾರಗಳಿಗೆ ಬದಲಾಯಿತು. ಮರುತಿಂಗಳು ಜಾರಿಗೆ ಬಂದ ಕಾರ್ಮಿಕ ಕಾನೂನಾದರೋ ಖಾಸಗಿ ನೌಕರನಿಗೆ ವಾರಕ್ಕೆ ಕನಿಷ್ಠ ಒಂದು ದಿನದ ಬಿಡುವನ್ನಷ್ಟೇ ವಿಧಿಸಿತು. ಆ ಒಂದು ದಿನದಲ್ಲಿ ಬಟ್ಟೆ ಒಗೆದು, ಊರಿಗೆ ಹಣ ಕಳುಹಿಸಿ, ಬಾಕಿಯ ನಿದ್ದೆ ತೀರಿಸಬೇಕಾದವನಿಗೆ ವಿಹಾರವೆಲ್ಲಿಯದು?

ಪರದೇಶದಲ್ಲಿ ಅವನೂ ನಾನೂ ವಲಸಿಗರೇ; ನೆರಳು ಮಾತ್ರ ಸಮನಾಗಿ ಹಂಚಿಕೆಯಾಗಿಲ್ಲ. ನಗರದಲ್ಲಿ ತಂಪಿನ ತಾಣಗಳು ಸಾಕಷ್ಟಿವೆ. ಹೆಚ್ಚಬೇಕಾದುದು ಅಲ್ಲಿಗೆ ಹೋಗಲು ಅವನಿಗೆ ಬೇಕಾದ ಎರಡನೆಯ ಬಿಡುವಿನ ದಿನ.