ಮಿಷಿಗನ್ನಿನ ಹಿಮದ ದಿನ್ನೆಗಳು
ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಹೇಳಿಕೊಳ್ಳುವಂಥ ಪರ್ವತಗಳಿಲ್ಲದಿದ್ದರೂ, ಮಹಾಸರೋವರಗಳ ಮೇಲೆ ಹಾದುಬರುವ ಶೀತಗಾಳಿಯು ನೀರಿನ ತೇವವನ್ನು ಹೀರಿ ದಡದಾಚೆ ಹಿಮವಾಗಿ ಸುರಿಸುವ ‘ಸರೋವರ ಪರಿಣಾಮ’ದಿಂದಾಗಿ ಅಲ್ಲಿ ಇಳಿಜಾರಿನ ಸ್ಕೀಯಿಂಗ್ ಬೇರೂರಿದೆ. ಉತ್ತರದ ಕೀವನಾ ಪರ್ಯಾಯದ್ವೀಪದ ಮೌಂಟ್ ಬೊಹೀಮಿಯಾ ಸುಮಾರು 900 ಅಡಿಗಳ ಇಳಿತವನ್ನು, ಅಂದರೆ ನೆತ್ತಿಗೂ ಬುಡಕ್ಕೂ ಇರುವ ಎತ್ತರದ ಅಂತರವನ್ನು, ಹೊಂದಿದ್ದು ನೈಸರ್ಗಿಕ ಹಿಮವನ್ನೇ ನೆಚ್ಚಿದ್ದರೆ, ಡೆಟ್ರಾಯಿಟ್ ಸಮೀಪದ ಮೌಂಟ್ ಬ್ರೈಟನ್ (ಹೆಸರಿನಲ್ಲಷ್ಟೇ ಪರ್ವತ, ಇಳಿತ ಸುಮಾರು 230 ಅಡಿ) ನೀರನ್ನು ಒತ್ತಡದ ಗಾಳಿಯೊಡನೆ ಚಿಮ್ಮಿಸಿ ಹಿಮವಾಗಿಸುವ ಯಂತ್ರಗಳಿಂದ ಬಹುಮಟ್ಟಿಗೆ ಬದುಕಿದೆ. ಆದರೆ ಕ್ರೀಡೆಯ ಚರಿತ್ರೆಯಲ್ಲಿ ಈ ರಾಜ್ಯದ ಸ್ಥಾನ ಅದರ ದಿನ್ನೆಗಳಷ್ಟು ಕುಳ್ಳಲ್ಲ: ಅಮೆರಿಕದ ರಾಷ್ಟ್ರೀಯ ಸ್ಕೀ ಸಂಘ 1905ರಲ್ಲಿ ಹುಟ್ಟಿದ್ದು ಇಶ್ಪೆಮಿಂಗ್ ಪಟ್ಟಣದಲ್ಲಿ, ಒಂದೇ ಹಲಗೆಯ ಮೇಲೆ ಪಕ್ಕಕ್ಕೆ ತಿರುಗಿ ನಿಂತು ಜಾರುವ ಸ್ನೋಬೋರ್ಡಿನ ಪೂರ್ವರೂಪವಾದ ‘ಸ್ನರ್ಫರ್’ ಅನ್ನು ಶರ್ಮನ್ ಪಾಪೆನ್ 1965ರಲ್ಲಿ ಎರಡು ಸ್ಕೀಗಳನ್ನು ಜೋಡಿಸಿ ರೂಪಿಸಿದ್ದು ಮಸ್ಕೀಗನ್ನಿನಲ್ಲಿ.