ರಮ್ ದ್ವೀಪಕ್ಕೆ ಹೊರಡುವ ಮುನ್ನ
ಸ್ಕಾಟ್ಲೆಂಡಿನ ಪಶ್ಚಿಮ ಕಡಲಲ್ಲಿರುವ ರಮ್ ದ್ವೀಪದ ಬೆಟ್ಟಸಾಲನ್ನು ಒಂದೇ ಹಗಲಲ್ಲಿ ಸುತ್ತಿ ಬರುವ ಆಸೆಯಿದ್ದವರು ಮೊದಲು ಫೆರಿಯ ವೇಳಾಪಟ್ಟಿ ನೋಡಬೇಕು. ಮ್ಯಾಲೇಗ್ ಬಂದರಿನಿಂದ ಅದು ದಿನವೂ ಹೋಗುವುದಿಲ್ಲ. ದ್ವೀಪದಲ್ಲಿ ಊರೆಂದರೆ ಕಿನ್ಲಾಕ್ ಒಂದೇ. ಅಲ್ಲಿಂದ ಹಾಲಿವಲ್ ಹತ್ತಿ, 812 ಮೀಟರ್ ಎತ್ತರದ ಆಸ್ಕಿವಲ್ ದಾಟಿ, ಡಿಬಿಡಿಲ್ ಕಣಿವೆಗಿಳಿದು ಕರಾವಳಿಯ ಕಾಲುದಾರಿಯಲ್ಲಿ ಮರಳಲು ಜೂನ್ ತಿಂಗಳ ದೀರ್ಘ ಹಗಲೇ ಸರಿ. ಮಂಜು ಕವಿದರೆ ಏಣಿನ ಅಂಚು ಕಾಣದು, ಜೋರು ಮಳೆಗೆ ತೊರೆಗಳು ಉಕ್ಕಿ ದಾರಿ ಕಟ್ಟುತ್ತವೆ. ಆದ್ದರಿಂದ ನಕ್ಷೆ, ದಿಕ್ಸೂಚಿ, ಹೆಚ್ಚಿನ ಬುತ್ತಿ ಚೀಲದಲ್ಲಿರಲಿ. ಮರಳುವ ಹೊತ್ತು ಊರಲ್ಲೊಬ್ಬರಿಗೆ ತಿಳಿದಿರಲಿ. ಬೆಟ್ಟದ ನೆತ್ತಿಯ ಬಿಲಗಳಲ್ಲಿ ಶಿಯರ್‌ವಾಟರ್ ಕಡಲಹಕ್ಕಿಗಳು ಮರಿ ಮಾಡುತ್ತವೆ, ಆ ಬಿಲಗಳನ್ನು ತುಳಿಯದೆ ನಡೆಯಿರಿ. ಸ್ಕಾಟ್ಲೆಂಡಿನ 2003ರ ಕಾನೂನು ಎಲ್ಲರಿಗೂ ಬೆಟ್ಟಬಯಲಲ್ಲಿ ಓಡಾಡುವ ಹಕ್ಕು ಕೊಟ್ಟಿದೆ. ಅದಕ್ಕಿರುವ ಷರತ್ತು, ಹೊಣೆಯರಿತು ನಡೆಯುವುದು.